ಚಿತ್ರದುರ್ಗದ ಅರಮನೆಗೆ ನೀರು ಬಂದ ಹಾದಿ: ಹುಡುಕುವುದು, ಅಳೆಯುವುದು, ಬರೆದಿಡುವುದು

ಹಳೆಯ ಅರಮನೆಯೊಂದಕ್ಕೆ ನೀರು ಹೇಗೆ ಬರುತ್ತಿತ್ತು ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಕಾಲುವೆ ಹುಡುಕುತ್ತಾರೆ. ಮೊದಲು ಹುಡುಕಬೇಕಾದದ್ದು ಎತ್ತರ. ಪಂಪ್ ಇಲ್ಲದ ಕಾಲದಲ್ಲಿ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರಬೇಕಿತ್ತು. ಇಲ್ಲವಾದರೆ ಕೊಡ, ಅಡ್ಡೆ, ಏತ, ಕಪಿಲೆಗಳಿಂದ ಎತ್ತಿ ತರಬೇಕಿತ್ತು. ಕೊಳವೆಯಲ್ಲಿ ತಗ್ಗಿಗಿಳಿದು ಮತ್ತೆ ಮೇಲೇಳುವ ನೀರು ಕೂಡ ತಾನು ಹೊರಟ ಮಟ್ಟವನ್ನು ಮೀರಿ ಏರುವುದಿಲ್ಲ. ಹೊಂಡದ ನೀರು ಅರಮನೆಯ ನೆಲಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳಬಲ್ಲವರಿಗೆ ಅರ್ಧ ಇತಿಹಾಸ ಅಲ್ಲೇ ಸಿಕ್ಕಿದಂತೆ.

ಕರ್ನಾಟಕದ ಹಳೆಯ ರಾಜಧಾನಿಗಳು ಈ ಒಂದೇ ಕಟ್ಟಳೆಯನ್ನು ಬೇರೆ ಬೇರೆ ಬಗೆಯಲ್ಲಿ ಪಾಲಿಸಿವೆ. ಹಂಪಿಯ ರಾಜಾಂಗಣದಲ್ಲಿ ಕಲ್ಲಿನ ದೋಣಿಗಳನ್ನು ಒಂದಕ್ಕೊಂದು ಸೇರಿಸಿ, ಕಲ್ಲುಕಂಬಗಳ ಮೇಲೆ ಹೊರಿಸಿ ನೀರು ತಂದರು. ಅಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಿದ್ದ ಐದು ಹಂತಗಳ ಮೆಟ್ಟಿಲು ಪುಷ್ಕರಣಿಗೆ ನೀರು ಬರುತ್ತಿದ್ದದ್ದು ಹೀಗೆಯೇ. ಕಂಬಗಳ ಎತ್ತರ ಗಮನಿಸಿ: ನೆಲ ತಗ್ಗಾದಲ್ಲಿ ಕಂಬ ಉದ್ದ, ನೆಲ ಏರಿದಲ್ಲಿ ಗಿಡ್ಡ, ಮೇಲಿನ ದೋಣಿ ಮಾತ್ರ ಒಂದೇ ಸಮನೆ ಸಣ್ಣಗೆ ಇಳಿಯುತ್ತ ಹೋಗುತ್ತದೆ. ವಿಜಯಪುರದಲ್ಲಿ ಬೇಗಂ ತಲಾಬ್, ತೊರವಿ ಕಡೆಯಿಂದ ನೆಲದಡಿಯ ಕೊಳವೆಯಲ್ಲಿ ನೀರು ಬರುತ್ತಿತ್ತು; ನಡುನಡುವೆ ನಿಂತ ಗಂಜ್ ಗೋಪುರಗಳು ಕೊಳವೆಯೊಳಗಿನ ಒತ್ತಡ ಇಳಿಸಿ, ಹೂಳನ್ನು ಕೆಳಗೆ ಕೂರಿಸುತ್ತಿದ್ದವು. ಬೀದರಿನದು ಕರೇಜ್, ಅಂದರೆ ಸುರಂಗ ಮತ್ತು ಅದರ ಮೇಲಿನ ಸಾಲು ಬಾವಿಗಳು.

ಚಿತ್ರದುರ್ಗದ ನಾಯಕರು ವಿಜಯನಗರಕ್ಕೆ ನಡೆದುಕೊಳ್ಳುತ್ತಿದ್ದವರೇ. ಆದರೂ ಹಂಪಿಯ ಮಾದರಿ ಇಲ್ಲಿ ನಡೆಯುವಂತಿರಲಿಲ್ಲ. ಬೆಟ್ಟದ ಮೇಲಿನ ಅರಮನೆಗೆ ಹೊರಗಿನ ಯಾವ ಕೆರೆಯ ನೀರೂ ತಾನಾಗಿ ಹತ್ತದು. ಹಾಗಾಗಿ ಬೆಟ್ಟವೇ ಮೂಲ: ಬರಿಬಂಡೆಯ ಮೇಲೆ ಬಿದ್ದ ಮಳೆಯನ್ನು ಎತ್ತರದಲ್ಲೇ ತಡೆದು, ಹೊಂಡದಿಂದ ಹೊಂಡಕ್ಕೆ ಇಳಿಸುವುದು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡ, ಅಲ್ಲಿಂದ ಬುಡದ ಸಿಹಿನೀರು ಹೊಂಡ, ಆಮೇಲೆ ಪೇಟೆಯ ಸಂತೆಹೊಂಡ. ಈ ಸರಣಿಯನ್ನು ಕಾಲ್ನಡಿಗೆಯಲ್ಲಿ ಹಿಡಿದು, ಅಳೆದು, ನಕ್ಷೆಗೆ ಇಳಿಸುವ ಕ್ರಮ ಮುಂದಿದೆ.

ಯಾವಾಗ, ಏನೇನು ಹಿಡಿದು ಹೋಗಬೇಕು

ಎರಡು ಸಲ ಹೋಗಬೇಕು, ಒಂದು ಸಲ ಸಾಲದು. ದುರ್ಗದ ಸೀಮೆಯಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ. ಆಸುಪಾಸಿನದು, ಅದರಲ್ಲೂ ಸೆಪ್ಟೆಂಬರ್–ಅಕ್ಟೋಬರಿನದೇ ದೊಡ್ಡ ಪಾಲು. ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ ಒಂದು ಜೋರು ಮಳೆ ಬಿದ್ದು ನಿಂತ ಮೊದಲ ಒಂದೆರಡು ಗಂಟೆಯಲ್ಲಿ ಹೋದರೆ ಯಾವ ಬಂಡೆಯ ನೀರು ಯಾವ ಹೊಂಡಕ್ಕೆ ಹೋಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಸಲ ಏಪ್ರಿಲ್‌ನಲ್ಲಿ, ನೀರು ತಳ ಕಂಡಾಗ: ತೂಬಿನ (ಹೊಂಡದಿಂದ ನೀರು ಬಿಡುವ ಕಿಂಡಿಯ) ಹೊಸ್ತಿಲು, ಕೆಳಗಿನ ಮೆಟ್ಟಿಲು, ಒಳಗೋಡೆಯ ಗಾರೆ ಕಾಣುವುದು ಆಗ ಮಾತ್ರ. ಮಳೆ ಬೀಳುತ್ತಿರುವಾಗಲೇ ಬಂಡೆ ಹತ್ತಬೇಡಿ. ಒದ್ದೆ ಬಂಡೆಯ ಮೇಲಿನ ಕಪ್ಪು ಪಾಚಿಗೆ ಯಾವ ಶೂ ಸಹ ಹಿಡಿಯುವುದಿಲ್ಲ.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆ, 2010ರ ತಿದ್ದುಪಡಿಯಂತೆ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಗೆಯುವುದು, ಕೆರೆಯುವುದು, ಬಣ್ಣದ ಗುರುತು ಹಾಕುವುದು, ಬಿದ್ದ ಗಾರೆಯ ಚೂರನ್ನು ಚೀಲಕ್ಕೆ ಹಾಕಿಕೊಳ್ಳುವುದು ಯಾವುದೂ ಕೂಡದು. ಟೇಪು, ಕೋಲು, ಪೈಪು ಹಿಡಿದು ಅಳೆಯುವ ಮುನ್ನ ಇಲಾಖೆಯ ಸ್ಥಳೀಯ ಕಚೇರಿಗೆ ಬರೆದುಕೊಟ್ಟು ಒಪ್ಪಿಗೆ ಪಡೆಯಿರಿ. ಡ್ರೋನ್‌ಗೆ ಬೇರೆ ಅನುಮತಿಯೇ ಬೇಕು. ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಬೇಕಾದ ಸಾಮಾನು ಕಡಿಮೆ: ಗಾರೆಯವರು ಬಳಸುವ ಪಾರದರ್ಶಕ ಲೆವಲ್ ಪೈಪು 20 ಮೀಟರ್ (ಒಳವ್ಯಾಸ 8ರಿಂದ 10 ಮಿ.ಮೀ.), ಎರಡು ಮೀಟರಿನ ಎರಡು ನೆಟ್ಟನೆಯ ಕೋಲುಗಳಿಗೆ ಬುಡದಿಂದ ಅಂಟಿಸಿದ ಅಳತೆ ಟೇಪು, 30 ಮೀಟರಿನ ಉದ್ದ ಟೇಪು, ದಿಕ್ಸೂಚಿ, ಗೆರೆ ಎಳೆದ ನೋಟ್‌ಬುಕ್ಕು, ಪೆನ್ಸಿಲ್. ಕೆಲಸಕ್ಕೆ ಮೂವರು ಬೇಕು. ಇಬ್ಬರು ಕೋಲು ಹಿಡಿದರೆ ಮೂರನೆಯವರು ಬರೆಯುತ್ತಾರೆ. ಬರೆಯುವವರೇ ಕೋಲನ್ನೂ ಹಿಡಿದರೆ ಅಂಕಿ ತಪ್ಪುವುದು ಖಂಡಿತ.

ಕೋಡಿಯಿಂದ ಕೋಡಿಗೆ

ಒಂದು ಹೊಂಡಕ್ಕೆ ಒಳಹರಿವು ಹತ್ತಾರು ಇರಬಹುದು, ಕೋಡಿ, ಅಂದರೆ ತುಂಬಿದ ನೀರು ಹೊರಹರಿಯುವ ಬಾಯಿ, ಸಾಮಾನ್ಯವಾಗಿ ಒಂದೇ. ಹಾಗಾಗಿ ಮೇಲಿನ ಬಂಡೆಗಳಿಂದ ಶುರು ಮಾಡಿದರೆ ದಾರಿ ತಪ್ಪುತ್ತೀರಿ. ಗೋಪಾಲಸ್ವಾಮಿ ಹೊಂಡದ ಕೋಡಿಯಲ್ಲಿ ನಿಂತು ನೀರು ಇಳಿಯುವ ಕಡೆಗೇ ನಡೆಯಿರಿ. ಹತ್ತು ಮೀಟರಿಗೊಮ್ಮೆ ನಿಂತು ಮೂರು ಸಂಗತಿ ಬರೆಯಿರಿ: ದಿಕ್ಕು, ತಳ ಎಂಥದ್ದು (ಬರಿಬಂಡೆ, ಕಡಿದ ಕಾಲುವೆ, ಕಲ್ಲು ಹಾಸು, ಮಣ್ಣು), ಅಗಲ ಮತ್ತು ಆಳ. ಅಕ್ಕತಂಗಿಯರ ಹೊಂಡ ಮುಟ್ಟಿದ ಮೇಲೆ ಅದರ ಕೋಡಿಯಿಂದ ಮತ್ತೆ ಇದೇ ಕ್ರಮ. ಮುಖ್ಯ ಹಾದಿ ಕೈಗೆ ಬಂದ ಮೇಲಷ್ಟೇ ಪ್ರತಿ ಹೊಂಡದಿಂದ ಮೇಲಕ್ಕೆ ಹತ್ತಿ ಕವಲುಗಳನ್ನು ಸೇರಿಸಿಕೊಳ್ಳಿ.

ಬೆಟ್ಟ ಇಳಿದು ಊರು ಮುಟ್ಟಿದ ಕೂಡಲೇ ಹಾದಿ ಕಳೆದುಹೋಗುತ್ತದೆ. ರಸ್ತೆ, ಚರಂಡಿ, ಮನೆಗಳ ಅಡಿಯಲ್ಲಿ ಹಳೆಯ ಹರಿವು ಹೂತಿದೆ. ಅಲ್ಲಿ ಎರಡೂ ತುದಿಯಿಂದ ಬನ್ನಿ: ಮೇಲಿನ ಹೊಂಡದ ಕೋಡಿಯಿಂದ ಕೆಳಕ್ಕೆ, ಕೆಳಗಿನ ಹೊಂಡದ ಒಳಬಾಯಿಯಿಂದ ಮೇಲಕ್ಕೆ. ನಡುವೆ ಉಳಿದ ತುಂಡನ್ನು ನಕ್ಷೆಯಲ್ಲಿ ಚುಕ್ಕಿ ಗೆರೆಯಾಗಿಯೇ ಬಿಡಿ. ಕಂಡದ್ದಕ್ಕೂ ಊಹಿಸಿದ್ದಕ್ಕೂ ಒಂದೇ ಗೆರೆ ಎಳೆದ ನಕ್ಷೆ ಮುಂದಿನವರ ದಾರಿಯನ್ನೂ ಕೆಡಿಸುತ್ತದೆ.

ಈ ಸರಣಿಯ ಜಾಣತನ ಕೋಡಿಯಲ್ಲೇ ಇದೆ. ಕೆಸರು ನೀರು ಮೇಲಿನ ಹೊಂಡಕ್ಕೆ ನುಗ್ಗಿ ನಿಲ್ಲುತ್ತದೆ, ಮರಳು ಮಣ್ಣು ಅಲ್ಲೇ ಕೂರುತ್ತದೆ, ಕೋಡಿ ಹಾಯ್ದು ಹೋಗುವುದು ಮೇಲ್ಪದರದ ತಿಳಿನೀರು. ಎರಡನೆಯ ಹೊಂಡದಲ್ಲಿ ಅದು ಇನ್ನಷ್ಟು ತಿಳಿಯಾಗುತ್ತದೆ. ಮೇಲಿನ ಹೊಂಡದ ಹೂಳನ್ನು ವರ್ಷಗಟ್ಟಲೆ ತೆಗೆಯದಿದ್ದರೆ ಈ ವ್ಯವಸ್ಥೆ ಮುರಿಯುತ್ತದೆ: ತಳ ಏರಿದಷ್ಟೂ ನೀರು ನಿಲ್ಲುವ ಹೊತ್ತು ಕಡಿಮೆ, ಕೆಸರು ನೇರವಾಗಿ ಕೆಳಗಿನ ಹೊಂಡಕ್ಕೆ. ಸರಣಿಯಲ್ಲಿ ಹೂಳೆತ್ತುವ ಕೆಲಸವನ್ನು ಯಾವಾಗಲೂ ಮೇಲಿನಿಂದ ಶುರು ಮಾಡಬೇಕೆನ್ನುವುದು ಇದಕ್ಕೇ.

ಈ ಸರಣಿಗೆ ಸೇರದ ಚಿಕ್ಕ ನೀರುತಾಣಗಳನ್ನೂ ನಕ್ಷೆಯಲ್ಲಿ ಬಿಡಬೇಡಿ. ಓಬವ್ವ ನೀರಿಗೆಂದು ಹೋದ ತಣ್ಣೀರು ದೋಣಿ ಅಂಥದ್ದು. ಹೈದರಾಲಿಯ ಸೈನಿಕರು ನುಸುಳಿದ ಕಿಂಡಿಯ ಹತ್ತಿರವೇ ಅದು ಇದೆ. ಏಳು ಸುತ್ತಿನ ಕೋಟೆಯಲ್ಲಿ ಹೊರಗಿನ ಸುತ್ತು ಬಿದ್ದರೂ ಒಳಗಿನವರಿಗೆ ನೀರು ತಪ್ಪಬಾರದು, ಕಾವಲಿನವರು ಕಾವಲು ಬಿಟ್ಟು ದೂರ ಹೋಗಲೂಬಾರದು. ಪ್ರತಿ ನೀರುತಾಣ ಯಾವ ಸುತ್ತಿನೊಳಗಿದೆ, ಹತ್ತಿರದ ಬಾಗಿಲಿಗೆ, ಬತೇರಿಗೆ (ಬುರುಜಿಗೆ) ಎಷ್ಟು ಹೆಜ್ಜೆ ಎಂದು ಬರೆದರೆ ರಕ್ಷಣೆಯ ಲೆಕ್ಕಾಚಾರವೂ ತಾನಾಗಿ ತೆರೆದುಕೊಳ್ಳುತ್ತದೆ.

ಲೆವಲ್ ಪೈಪಿನಿಂದ ಮಟ್ಟ ಹಿಡಿಯುವುದು

ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರವನ್ನು ನಂಬಬೇಡಿ. ಬಂಡೆಗಳ ನಡುವೆ ಅದು ಹತ್ತು ಮೀಟರ್ ಆಚೀಚೆ ಹೋಗುವುದು ಸಾಮಾನ್ಯ. ನಿಮಗೆ ಬೇಕಾದದ್ದು ಒಂದೆರಡು ಸೆಂಟಿಮೀಟರಿನ ನಿಖರತೆ.

ಪೈಪಿಗೆ ನೀರನ್ನು ಒಂದೇ ತುದಿಯಿಂದ ನಿಧಾನವಾಗಿ ತುಂಬಿ. ಮೇಲಿಟ್ಟ ಬಕೆಟ್ಟಿನಿಂದ ಎಳೆದುಕೊಂಡರೆ ಗುಳ್ಳೆ ಕಡಿಮೆ. ಎರಡು ಹನಿ ನೀಲಿ ಶಾಯಿ ಹಾಕಿದರೆ ಮಟ್ಟ ಸ್ಪಷ್ಟ ಕಾಣುತ್ತದೆ. ಎರಡೂ ತುದಿಗಳನ್ನು ಜೋಡಿಸಿ ಹಿಡಿದಾಗ ನೀರು ಒಂದೇ ಮಟ್ಟದಲ್ಲಿ ನಿಂತರೆ ಪೈಪು ಸರಿ. ನಿಲ್ಲದಿದ್ದರೆ ಒಳಗೆಲ್ಲೋ ಗುಳ್ಳೆ ಇದೆ. ಪೈಪನ್ನು ಎತ್ತಿ, ಬೆರಳಿನಿಂದ ತಟ್ಟುತ್ತ ಹೊರಗೆ ಓಡಿಸಿ.

ಈಗ ಒಂದು ಕೋಲನ್ನು ಹೊಂಡದ ತೂಬಿನ ಹೊಸ್ತಿಲ ಮೇಲೆ (ತೂಬು ಕಾಣದಿದ್ದರೆ ಕೋಡಿಯ ಹಳೆಯ ಕಲ್ಲಿನ ಮೇಲೆ), ಇನ್ನೊಂದನ್ನು ಮುಂದಿನ ಗಟ್ಟಿ ಬಂಡೆಯ ಮೇಲೆ ನಿಲ್ಲಿಸಿ. ಎರಡೂ ಕಡೆ ಬೆರಳು ತೆಗೆದು, ನೀರು ತೂಗಾಡುವುದು ನಿಂತ ಮೇಲೆ ಅಂಕಿ ಓದಿ. ಹಿಂದಿನ ಕೋಲಿನಲ್ಲಿ 1.42 ಮೀಟರ್, ಮುಂದಿನದರಲ್ಲಿ 0.63 ಬಂದರೆ ಮುಂದಿನ ನೆಲ 0.79 ಮೀಟರ್ ಮೇಲಿದೆ. ಹಿಂದಿನದರಿಂದ ಮುಂದಿನದನ್ನು ಕಳೆಯಿರಿ: ಉತ್ತರ ಧನವಾದರೆ ಏರು, ಋಣವಾದರೆ ಇಳಿಜಾರು. ಹಿಂದಿನವರು ಈಗ ಮುಂದಕ್ಕೆ ಹೋಗಲಿ, ಮುಂದಿನ ಕೋಲು ಅದೇ ಬಿಂದುವಿನ ಮೇಲೆ ಅಲುಗದೆ ನಿಲ್ಲಲಿ. ಒಂದು ನೆಗೆತದಲ್ಲಿ, ಅಂದರೆ ಒಂದು ಕೋಲಿನಿಂದ ಇನ್ನೊಂದಕ್ಕೆ, ಒಂದೂವರೆ ಮೀಟರಿಗಿಂತ ಹೆಚ್ಚು ಏರಿಳಿತ ಹಿಡಿಯಲು ಹೋಗಬೇಡಿ, ತುದಿಯಿಂದ ನೀರು ಚೆಲ್ಲುತ್ತದೆ. ಚೆಲ್ಲಿದರೂ ಲೆಕ್ಕ ಕೆಡುವುದಿಲ್ಲ. ಆದರೆ ಒಂದು ಕಡೆ ಓದಿದ ಮೇಲೆ, ಇನ್ನೊಂದು ಕಡೆ ಓದುವ ಮೊದಲು ಚೆಲ್ಲಿದರೆ ಆ ನೆಗೆತವನ್ನು ಮತ್ತೆ ಅಳೆಯಲೇಬೇಕು.

ತಪ್ಪು ನುಸುಳುವ ಜಾಗಗಳು ಗೊತ್ತಿರಲಿ. ಅರ್ಧ ಪೈಪು ಕಾದ ಬಂಡೆಯ ಮೇಲೆ, ಅರ್ಧ ನೆರಳಲ್ಲಿ ಬಿದ್ದಿದ್ದರೆ ಎರಡು ಬದಿಯ ನೀರಿನ ತೂಕ ಬೇರೆಯಾಗಿ ಮಟ್ಟ ಸರಿಯುತ್ತದೆ; ಬೆಳಗಿನ ಹೊತ್ತೇ ಈ ಕೆಲಸಕ್ಕೆ ಮೇಲು. ಕೋಲು ಓರೆಯಾದರೆ ಅಂಕಿ ಯಾವಾಗಲೂ ಹೆಚ್ಚೇ ಬರುತ್ತದೆ. ಮೆದು ಮಣ್ಣಿನ ಮೇಲೆ ನಿಲ್ಲಿಸಿದ ಕೋಲು ಓದುವಷ್ಟರಲ್ಲಿ ಇಳಿಯುತ್ತದೆ. ಎಲ್ಲ ಮುಗಿದ ಮೇಲೆ ಬೇರೆ ದಾರಿಯಲ್ಲಿ ಅಳೆಯುತ್ತ ಹೊರಟ ಬಿಂದುವಿಗೇ ಮರಳಿ. ಏರು ಇಳಿವು ಕೂಡಿದರೆ ಸೊನ್ನೆ ಬರಬೇಕು. ಇಪ್ಪತ್ತು ನೆಗೆತಗಳಿಗೆ 3 ಸೆಂ.ಮೀ. ಒಳಗೆ ವ್ಯತ್ಯಾಸ ಬಂದರೆ ಒಪ್ಪಿಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಅಂಕಿಗಳನ್ನು ತಿದ್ದಿ ಸರಿದೂಗಿಸಬೇಡಿ, ಮರಳಿ ಅಳೆಯಿರಿ.

ಅರಮನೆಯ ನೆಲ ಯಾವುದು?

ಎಲ್ಲಕ್ಕಿಂತ ದೊಡ್ಡ ಮೋಸ ಇರುವುದು ಇಲ್ಲಿ. ದುರ್ಗದ ಮೇಲೆ ಇಂದು ಉಳಿದಿರುವ ಅರಮನೆಯ ಅವಶೇಷ ಮಣ್ಣಿನ ಗೋಡೆಗಳು. ಮಣ್ಣುಗೋಡೆ ಕರಗಿ ಬಿದ್ದಾಗ ಒಳಗಿನ ನೆಲ ಮೇಲೇಳುತ್ತದೆ. ಇಂದು ನೀವು ಕಾಲಿಡುವ ನೆಲ ನಾಯಕರು ಓಡಾಡಿದ ನೆಲವಲ್ಲ. ಕೋಲನ್ನು ಮಣ್ಣಿನ ಗುಪ್ಪೆಯ ಮೇಲಿಟ್ಟು ‘ಹೊಂಡಕ್ಕಿಂತ ಅರಮನೆ ಎತ್ತರ, ನೀರು ಹರಿದು ಬಂದಿರಲಾರದು’ ಎಂದರೆ ಅದು ತಪ್ಪು ತೀರ್ಮಾನ. ಬಾಗಿಲಿನ ಕಲ್ಲು ಹೊಸ್ತಿಲು, ಕಂಬದಡಿಯ ಕಲ್ಲು, ಜಗಲಿಯ ಕಲ್ಲುಸಾಲು, ಬಯಲಾದ ಗಾರೆ ನೆಲ ಇವುಗಳಲ್ಲಿ ಸ್ವಸ್ಥಾನದಲ್ಲಿರುವ ಯಾವುದಾದರೊಂದರ ಮೇಲೆ ಅಳೆಯಿರಿ. ಹೊಂಡದ ಕಡೆಯೂ ಅಷ್ಟೇ: ಕೋಡಿಯ ಮೇಲೆ ಈಚಿನ ಸಿಮೆಂಟು ಏರಿದ್ದರೆ ಅದರ ಮಟ್ಟ, ಅಡಿಯ ಹಳೆಯ ಕಲ್ಲಿನ ಮಟ್ಟ, ಎರಡನ್ನೂ ಬರೆಯಿರಿ.

ಅಳತೆ ಕೈಗೆ ಬಂದ ಮೇಲೆ ತೀರ್ಪು ಹೀಗೆ. ತೆರೆದ ಕಲ್ಲುಕಾಲುವೆಗೆ 500ಕ್ಕೆ 1ರ ಇಳಿಜಾರು ಚೆನ್ನಾಗಿ ಸಾಕು, ಅಂದರೆ 100 ಮೀಟರಿಗೆ 20 ಸೆಂ.ಮೀ. ಹೊಂಡದ ತೂಬು ಅರಮನೆಯ ನೆಲಕ್ಕಿಂತ 30 ಸೆಂ.ಮೀ. ಮೇಲಿದ್ದು ನಡುವೆ 100 ಮೀಟರ್ ದೂರವಿದ್ದರೆ ಕಾಲುವೆ ಸಾಧ್ಯ, ಕುರುಹು ಹುಡುಕಿ. ಅಂತರ 5 ಸೆಂ.ಮೀ. ಮಾತ್ರವಾದರೆ ನೀರು ತೆವಳುತ್ತದೆ, ಕಾಲುವೆ ಹೂಳು ತುಂಬುತ್ತದೆ, ಬಳಕೆಗೆ ಬಾರದು. ಹೊಂಡ ತುಂಬಿದಾಗಿನ ಮಟ್ಟವೇ ನೆಲಕ್ಕಿಂತ ಕೆಳಗಿದ್ದರೆ ಕಾಲುವೆಯ ಮಾತು ಬಿಡಿ, ನೀರು ಹೊತ್ತ ಕುರುಹು ನೋಡಿ: ಸವೆದ ಮೆಟ್ಟಿಲು, ಹೊಂಡದ ದಡದಲ್ಲಿ ಕೊಡ ಇಡುವ ಕಲ್ಲು, ಹಗ್ಗ ಉಜ್ಜಿ ಗೀರಾದ ಅಂಚು, ಅರಮನೆ ಕಡೆಯ ಕಲ್ಲುಬಾನಿ.

ಮಣ್ಣಿನ ಅರಮನೆಗೆ ನೀರು ತರುವುದು ಎಷ್ಟು ಮುಖ್ಯವೋ ನೀರನ್ನು ದೂರ ಇಡುವುದೂ ಅಷ್ಟೇ ಮುಖ್ಯ. ಬಂಡೆಯ ಮೇಲಿಂದ ಇಳಿವ ಮಳೆನೀರು ಗೋಡೆಯ ಬುಡಕ್ಕೆ ನಿಂತರೆ ಒಂದೇ ಮಳೆಗಾಲದಲ್ಲಿ ಗೋಡೆ ಕುಸಿಯುತ್ತದೆ. ಆದ್ದರಿಂದ ಅರಮನೆಯ ಸುತ್ತ ಕಾಣುವ ಪ್ರತಿ ಕಾಲುವೆಯೂ ನೀರು ತಂದ ಕಾಲುವೆಯೆಂದು ತಿಳಿಯಬೇಡಿ. ಇಳಿಜಾರು ಯಾವ ಕಡೆಗೆ ಎಂದು ಎರಡು ತುದಿಯ ಮಟ್ಟ ಹಿಡಿಯಿರಿ. ಕಟ್ಟಡದಿಂದ ಹೊರಗೆ ಇಳಿಯುತ್ತಿದ್ದರೆ ಅದು ಬಚ್ಚಲು ಮೋರಿ ಇಲ್ಲವೆ ಮಳೆನೀರಿನ ಹಾದಿ.

ಕಲ್ಲಿನ ಮೇಲಿನ ಗುರುತುಗಳು

ಬಂಡೆಯ ಮೇಲೆ ಉದ್ದಕ್ಕೆ ಇಳಿದ ಕಪ್ಪು ಪಟ್ಟೆ ಮಳೆನೀರಿನ ಖಾಯಂ ದಾರಿ. ಹೊಂಡದ ಒಳಗೋಡೆಗೆ ಅಡ್ಡಲಾಗಿ ಕಾಣುವ ಬಿಳಿ ಗೆರೆ ನೀರು ಹೆಚ್ಚು ದಿನ ನಿಂತ ಮಟ್ಟ; ಗೆರೆ ಎರಡು ಮೂರು ಇದ್ದರೆ ಎಲ್ಲವನ್ನೂ ಅಳೆಯಿರಿ. ತಾನಾಗಿ ಸವೆದ ಕೊರಕಲಿನ ಅಂಚು ದುಂಡಗೆ, ತಳ ಏರುಪೇರು. ಮನುಷ್ಯ ಕಡಿದ ಕಾಲುವೆಯಲ್ಲಿ ಉಳಿಯ ಗೀರುಗಳು ಒಂದೇ ಓರೆಯಲ್ಲಿ ಸಾಲಾಗಿರುತ್ತವೆ, ಅಗಲ ಅಷ್ಟಾಗಿ ಬದಲಾಗುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಮಾತ್ರ ಈ ಗೀರು ಕಾಣುತ್ತವೆ.

ಸಾಲಾಗಿ ಇರುವ ಆಯತಾಕಾರದ ಚಿಕ್ಕ ಗುಂಡಿಗಳು ಕಲ್ಲು ಸೀಳಲು ಬೆಣೆ ಹೊಡೆದವು. ಅವನ್ನು ನೀರಿನ ತೂತೆಂದು ಬರೆಯುವವರು ಬಹಳ. ಬಂಡೆಯ ಅಂಚಿನಲ್ಲಿ ಅರ್ಧ ಕೊಳವೆಯಂತೆ ನುಣ್ಣನೆ ಗೀರು ಉದ್ದಕ್ಕೆ ಇದ್ದರೆ ಅದು ಡ್ರಿಲ್ಲಿನ ಗುರುತು, ನಾಯಕರ ಕಾಲದ್ದಲ್ಲ.

ತೂಬಿನ ರಚನೆ ಕಣ್ಣಿಗೆ ರೂಢಿಯಾಗಬೇಕಾದರೆ ಕೆರೆಯೊಂದನ್ನು ನೋಡಿಬರುವುದು ಒಳ್ಳೆಯದು. ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆಯಲ್ಲಿ ಸೂಳೆಕೆರೆ ಇದೆ, ಅದೇ ಶಾಂತಿಸಾಗರ. ಚಿತ್ರದುರ್ಗ ಪಟ್ಟಣಕ್ಕೆ ಕುಡಿಯುವ ನೀರು ಅದರಿಂದಲೂ ಹೋಗುತ್ತದೆ. ಹತ್ತಿರದ ಸಂತೇಬೆನ್ನೂರಿನ ಪುಷ್ಕರಣಿಯನ್ನೂ ಬಿಡಬೇಡಿ. ನೀರಿನ ನಡುವೆ ವಸಂತಮಂಟಪ ನಿಲ್ಲಿಸಬೇಕಾದರೆ ತುಂಬಿದ ಮಟ್ಟ ಮೊದಲೇ ಗೊತ್ತಿರಬೇಕು. ಮಂಟಪದ ಕಟ್ಟೆ, ಸುತ್ತಲಿನ ಮೆಟ್ಟಿಲು, ಹೊರಹರಿವಿನ ಬಾಯಿ ಈ ಮೂರರ ಮಟ್ಟವನ್ನು ದಡದಿಂದಲೇ ಕಣ್ಣಳತೆಯಲ್ಲಿ ಹೋಲಿಸಿ ಅಭ್ಯಾಸ ಮಾಡಬಹುದು.

ಎಷ್ಟು ನೀರು?

ಎರಡು ಹೆಕ್ಟೇರ್ ಬರಿಬಂಡೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 400 ಘನ ಮೀಟರ್. ಬಂಡೆಯ ಬಿರುಕು, ಮಣ್ಣು, ಗಿಡ ಹೀರಿದ್ದು ಕಳೆದು ಹತ್ತರಲ್ಲಿ ಏಳು ಪಾಲು ಹಿಡಿದರೆ 280 ಘನ ಮೀಟರ್, ಅಂದರೆ 2.8 ಲಕ್ಷ ಲೀಟರ್. ವರ್ಷದ 600 ಮಿ.ಮೀ.ಗೆ ಸಣ್ಣ ಮಳೆಗಳ ನಷ್ಟ ಸೇರಿಸಿ ಹತ್ತರಲ್ಲಿ ಆರು ಪಾಲು ಹಿಡಿದರೆ 72 ಲಕ್ಷ ಲೀಟರ್. ತಲೆಗೆ ದಿನಕ್ಕೆ 20 ಲೀಟರ್ ಲೆಕ್ಕದಲ್ಲಿ ಸುಮಾರು 980 ಜನರಿಗೆ ವರ್ಷಪೂರ್ತಿ. ಅರ್ಧ ಆವಿಯಾಯಿತೆಂದರೂ 490 ಜನ, ಅದೂ ಹೊಂಡಗಳಲ್ಲಿ ಅಷ್ಟು ಹಿಡಿಸಿದರೆ. ನಿಮ್ಮ ನಕ್ಷೆಯ ಜಲಾನಯನ ವಿಸ್ತೀರ್ಣ ಹಾಕಿ ಇದೇ ಲೆಕ್ಕ ಮಾಡಿ.

ಹೊಂಡದ ಗಾತ್ರಕ್ಕೆ ಮೇಲ್ಬಾಯಿಯ ವಿಸ್ತೀರ್ಣವನ್ನು ಆಳದಿಂದ ಗುಣಿಸುವುದು ಎಲ್ಲರೂ ಮಾಡುವ ತಪ್ಪು. ಮೆಟ್ಟಿಲು ಹೊಂಡ ಕೆಳಕ್ಕೆ ಕಿರಿದಾಗುತ್ತದೆ. ಮೇಲಿನ ವಿಸ್ತೀರ್ಣ, ತಳದ ವಿಸ್ತೀರ್ಣ, ಅರ್ಧ ಆಳದ ವಿಸ್ತೀರ್ಣದ ನಾಲ್ಕು ಪಟ್ಟು, ಮೂರನ್ನೂ ಕೂಡಿ 6ರಿಂದ ಭಾಗಿಸಿ ಆಳದಿಂದ ಗುಣಿಸಿ. ಬಾಯಿ 20 ಮೀಟರ್ ಚೌಕ, ತಳ 10 ಮೀಟರ್ ಚೌಕ, ಆಳ 5 ಮೀಟರ್ ಇದ್ದರೆ 1,167 ಘನ ಮೀಟರ್ ಬರುತ್ತದೆ. ತಪ್ಪು ಲೆಕ್ಕದಲ್ಲಿ 2,000 ಬರುತ್ತಿತ್ತು.

ಹರಿಯುವ ಕಾಲುವೆ ಸಿಕ್ಕರೆ ಐದು ಮೀಟರ್ ನೇರ ತುಂಡು ಆರಿಸಿ ಒಣಕಡ್ಡಿ ಬಿಡಿ. 10 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್, ತಳ, ಪಕ್ಕದ ತಿಕ್ಕಾಟಕ್ಕೆ 0.8ರಿಂದ ಗುಣಿಸಿ 0.4. ಕಾಲುವೆ 25 ಸೆಂ.ಮೀ. ಅಗಲ, ನೀರು 15 ಸೆಂ.ಮೀ. ಆಳವಿದ್ದರೆ ಸೆಕೆಂಡಿಗೆ 15 ಲೀಟರ್, ಗಂಟೆಗೆ 54,000 ಲೀಟರ್.

ಹೊಂಡ ಸೋರುತ್ತಿದೆಯೇ ಎಂದು ತಿಳಿಯಲು ಅಗಲ ಬಾಯಿಯ ಬಕೆಟ್ಟಿಗೆ ನೀರು ತುಂಬಿ ದಡದಲ್ಲೇ ಇಡಿ, ಹೊಂಡದಲ್ಲೂ ಬಕೆಟ್ಟಿನಲ್ಲೂ ವಾರದ ಇಳಿತ ಅಳೆಯಿರಿ. ಬಕೆಟ್ಟು ಬಿಸಿಲಿಗೆ ಬೇಗ ಕಾಯುವುದರಿಂದ ಅದರಲ್ಲೇ ಇಳಿತ ತುಸು ಹೆಚ್ಚಿರಬೇಕು. ಹೊಂಡದ ಇಳಿತ ಬಕೆಟ್ಟಿನದನ್ನು ಮೀರಿದರೆ, ನೀರನ್ನು ಯಾರೂ ಎತ್ತದಿದ್ದರೆ, ಸೋರಿಕೆ ಇದೆಯೆಂದೇ ಅರ್ಥ. ಕೋತಿಗಳು ಬಕೆಟ್ಟನ್ನು ಉರುಳಿಸದಂತೆ ಮೇಲೆ ತಂತಿಬಲೆ ಕಟ್ಟಿ.

ಕಾಲ ಹೇಳುವಾಗ

ದುರ್ಗದಲ್ಲಿ ನೀರು ಕಟ್ಟಿದ ದಾಖಲೆ ನಾಯಕರಿಗಿಂತ ಬಹಳ ಹಳೆಯದು. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಬಂಡೆಶಾಸನ ಕೆರೆಯ ಕೆಲಸವನ್ನೇ ಹೇಳುತ್ತದೆ, ಅದು 4ನೆಯ ಶತಮಾನದ್ದು. ನಾಯಕರ ಆಳ್ವಿಕೆ 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾಗಿ 1779ರಲ್ಲಿ ಮದಕರಿ ನಾಯಕನ ಸೋಲಿನೊಂದಿಗೆ ಮುಗಿಯಿತು. ಆಮೇಲೆ ಹೈದರ್, ಟಿಪ್ಪು, ಬ್ರಿಟಿಷರು. ಆದ್ದರಿಂದ ಒಂದೇ ಹೊಂಡದಲ್ಲಿ ಹಲವು ಕಾಲದ ಕೆಲಸ ಇರಬಹುದು. ‘ಈ ಹೊಂಡ ಇಂಥವರ ಕಾಲದ್ದು’ ಎಂದು ಇಡೀ ಹೊಂಡಕ್ಕೆ ಒಂದು ಚೀಟಿ ಅಂಟಿಸಬೇಡಿ. ತಳ, ಮೆಟ್ಟಿಲು, ಏರಿ, ಕೋಡಿ, ಮೇಲಿನ ಗೋಡೆ ಇವಕ್ಕೆ ಬೇರೆ ಬೇರೆ ಸಾಲು ಕೊಟ್ಟು, ಯಾವುದು ಯಾವುದರ ಮೇಲೆ ಕೂತಿದೆ ಎಂದಷ್ಟೇ ಬರೆಯಿರಿ. ಮೇಲೆ ಕೂತದ್ದು ಕೆಳಗಿನದಕ್ಕಿಂತ ಆಮೇಲಿನದು, ಇಷ್ಟನ್ನು ಕಲ್ಲೇ ಹೇಳುತ್ತದೆ. ಶಾಸನಗಳ ಪಾಠಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ನೋಡಿ, ಅದು ಚಿತ್ರದುರ್ಗ ಜಿಲ್ಲೆಯದು.

ಕೆಟ್ಟದ್ದನ್ನೂ ಬರೆಯಿರಿ

ನಡೆಯುವಾಗ ಕಂಡ ಪ್ರತಿ ಹಾನಿಯನ್ನು ನಕ್ಷೆಯಲ್ಲಿ ಸಂಖ್ಯೆ ಕೊಟ್ಟು ಗುರುತಿಸಿ, ಅಳತೆ ಕೋಲು ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಸಂದಿಯಲ್ಲಿ ಎದ್ದ ಆಲ, ಅರಳಿಯ ಸಸಿ ಚಿಕ್ಕದಿದ್ದಾಗಲೇ ವರದಿಯಾಗಬೇಕು. ಕಾಂಡ ಮಣಿಕಟ್ಟಿನಷ್ಟು ದಪ್ಪವಾದ ಮೇಲೆ ಬೇರು ಕಿತ್ತರೆ ಕಲ್ಲೂ ಕಿತ್ತು ಬರುತ್ತದೆ. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿದ ಕಡೆ ಹುಷಾರಾಗಿ ನೋಡಿ: ಸಿಮೆಂಟು ಬಿಗಿ, ಸುಣ್ಣ ಮೆದು. ಒಳಗಿನ ತೇವ ಹೊರಬರಲಾಗದೆ ಹಿಂದಿನ ಗಾರೆಯನ್ನು ಪುಡಿ ಮಾಡುತ್ತದೆ, ಕೊನೆಗೆ ತೇಪೆಯೇ ಹಾಳೆಯಾಗಿ ಎದ್ದುಬರುತ್ತದೆ. ಕೋಡಿಗೆ ಅಡ್ಡ ಬಿದ್ದ ಕಲ್ಲು, ಪ್ಲಾಸ್ಟಿಕ್ ಕಸ ಕಂಡರೆ ಅದನ್ನು ಪಟ್ಟಿಯ ಮೊದಲಿಗೆ ಹಾಕಿ. ಕೋಡಿ ಕಟ್ಟಿದ ಹೊಂಡದಲ್ಲಿ ನೀರು ಏರಿಯ ಮೇಲೆ ಹಾಯುತ್ತದೆ, ಏರಿ ಒಡೆದರೆ ಕೆಳಗಿನ ಎಲ್ಲ ಹೊಂಡಗಳಿಗೂ ಮಣ್ಣು ನುಗ್ಗುತ್ತದೆ.

ನಕ್ಷೆಯ ಒಂದು ಪ್ರತಿಯನ್ನು ಮಟ್ಟದ ಪಟ್ಟಿ, ದಿನಾಂಕ, ಆ ದಿನದ ನೀರಿನ ಮಟ್ಟ ಸಹಿತ ಪುರಾತತ್ವ ಇಲಾಖೆಯ ಕಚೇರಿಗೆ ಕೊಡಿ. ಊರೊಳಗಿನ ಚುಕ್ಕಿ ಗೆರೆಯ ಭಾಗವನ್ನು ನಗರಸಭೆಗೂ ಕೊಡಿ, ಏಕೆಂದರೆ ಸಿಹಿನೀರು ಹೊಂಡಕ್ಕೂ ಸಂತೆಹೊಂಡಕ್ಕೂ ಬರುವ ಹಾದಿಯಲ್ಲಿ ಮುಂದಿನ ಚರಂಡಿ ಅಗೆಯುವವರು ಅವರೇ.